ಸಹನೆಗೂ ಶಸ್ತ್ರಕ್ಕೂ ನಡುವೆ ಒಂದು ಚಿಕಿತ್ಸೆ

ಕೆಮ್ಮಿದರೆ, ಸೀನಿದರೆ, ತುಂಬಿದ ಕೊಡ ಎತ್ತಿದರೆ ನಾಲ್ಕು ಹನಿ ಮೂತ್ರ ಜಾರುತ್ತದೆ. ದಿನವಿಡೀ ಬಗ್ಗಿ ಕಳೆ ಕಿತ್ತ ಸಂಜೆ ಕೆಳಗೆ ಏನೋ ಇಳಿದುಬಂದಂತೆ ಭಾರವಾಗುತ್ತದೆ. ಹೆರಿಗೆಯ ಹೊಲಿಗೆ ಒಣಗಿ ವರ್ಷ ಕಳೆದರೂ ಗಂಡನ ಜೊತೆ ಸೇರುವುದೆಂದರೆ ನೋವಿನ ಭಯ. ಅರ್ಧ ಗಂಟೆ ಕೂತರೆ ಬಾಲಮೂಳೆಯ ಸುತ್ತ ಉರಿ, ಮೂತ್ರಕ್ಕೆ ಹೋಗಿ ಬಂದ ಹತ್ತೇ ನಿಮಿಷಕ್ಕೆ ಮತ್ತೆ ಹೋಗಬೇಕೆನ್ನುವ ಒತ್ತಡ, ಎಷ್ಟು ತಿಣುಕಿದರೂ ಪೂರ್ತಿಯಾಗದ ಮಲವಿಸರ್ಜನೆ. ಒಂದಕ್ಕೆ ಸ್ತ್ರೀರೋಗ ತಜ್ಞರು, ಇನ್ನೊಂದಕ್ಕೆ ಮೂತ್ರರೋಗ ತಜ್ಞರು, ಮತ್ತೊಂದಕ್ಕೆ ಮೂಳೆ ಡಾಕ್ಟರು, ಹೇಳಿಕೊಳ್ಳಲಾಗದ್ದಕ್ಕೆ ಮೂಲವ್ಯಾಧಿಯ ಮುಲಾಮು. ಈ ದೂರುಗಳೆಲ್ಲ ಹೀಗೆ ಬೇರೆ ಬೇರೆ ಬಾಗಿಲು ತಟ್ಟುತ್ತವೆ. ಅವುಗಳ ಮೂಲ ಬಹಳ ಸಲ ಒಂದೇ ಕಡೆ, ಸೊಂಟದ ಎಲುಬುಗೂಡಿನ ತಳದಲ್ಲಿರುವ ಸ್ನಾಯುಗಳಲ್ಲಿ ಇರುತ್ತದೆ. ಆ ಸ್ನಾಯುಗಳನ್ನೇ ಪರೀಕ್ಷಿಸಿ, ತಿದ್ದಿ, ಬಲಪಡಿಸುವ ಅಥವಾ ಸಡಿಲಿಸುವ ಫಿಸಿಯೋಥೆರಪಿ ಎಂಬ ಚಿಕಿತ್ಸೆಯೊಂದಿದೆ ಎಂಬುದು ನಮ್ಮಲ್ಲಿ ಬಹುಪಾಲು ಜನರಿಗೆ ಗೊತ್ತೇ ಇಲ್ಲ. ಏನೇನು ಸಾಬೀತಾಗಿದೆ, ಏನು ಆಗಿಲ್ಲ, ನಮ್ಮ ಊರಿನ ಹೆಣ್ಣುಮಗಳಿಗೆ ಅದು ಎಷ್ಟು ದೂರದಲ್ಲಿದೆ ಎಂಬುದನ್ನು ಒಟ್ಟಾಗಿ ನೋಡುವುದು ಈ ಬರಹದ ಉದ್ದೇಶ.

ಮುಂದೆ ಜಘನದ ಎಲುಬಿನಿಂದ ಹಿಂದೆ ಬಾಲಮೂಳೆಯವರೆಗೆ, ಎಡಬಲದ ಎಲುಬುಗಳ ನಡುವೆ, ಜೋಲಿ ಕಟ್ಟಿದ ಹಾಗೆ ಈ ಸ್ನಾಯುಗಳು ಹರಡಿಕೊಂಡಿವೆ. ಮುಖ್ಯವಾದ ಗುಂಪಿಗೆ ಲಿವೇಟರ್ ಏನೈ ಎಂದು ಹೆಸರು. ಮೂತ್ರಕೋಶ, ಗರ್ಭಕೋಶ, ಗುದನಾಳ ಮೂರೂ ಇದರ ಮೇಲೆ ಕೂತಿವೆ. ಮೂತ್ರನಾಳ, ಯೋನಿ, ಗುದದ್ವಾರಗಳು ಇದನ್ನು ಹಾದು ಹೊರಬರುತ್ತವೆ. ಬೆನ್ನುಹುರಿಯ ಕೆಳತುದಿಯ ಎಸ್2ರಿಂದ ಎಸ್4ರವರೆಗಿನ ಬೇರುಗಳಿಂದ ಹೊರಡುವ ಪ್ಯುಡೆಂಡಲ್ ನರ ಇಲ್ಲಿನ ಚಲನೆ ಮತ್ತು ಸ್ಪರ್ಶ ಎರಡನ್ನೂ ನೋಡಿಕೊಳ್ಳುತ್ತದೆ. ಉಸಿರೆಳೆದಾಗ ಎದೆಯ ಕೆಳಗಿನ ವಪೆ ಇಳಿಯುತ್ತದೆ, ಅದರೊಂದಿಗೆ ಈ ತಳವೂ ಸ್ವಲ್ಪ ಇಳಿಯುತ್ತದೆ. ಉಸಿರು ಬಿಟ್ಟಾಗ ಎರಡೂ ಮೇಲೇರುತ್ತವೆ. ಬಿಗಿಯಾಗುವುದು ಈ ಸ್ನಾಯುಗಳ ಅರ್ಧ ಕೆಲಸ ಮಾತ್ರ. ಮೂತ್ರ, ಮಲ ಹೊರಹೋಗುವಾಗ, ಸಂಭೋಗದಲ್ಲಿ, ಹೆರಿಗೆಯಲ್ಲಿ ಪೂರ್ತಿ ಸಡಿಲಗೊಳ್ಳುವುದು ಉಳಿದರ್ಧ. ಬಿಗಿಯಬೇಕಾದಾಗ ಬಿಗಿಯಲಾರದ ಸ್ನಾಯು ಸೋರಿಕೆಗೂ ಜಾರುವಿಕೆಗೂ ದಾರಿ ಮಾಡುತ್ತದೆ. ಸಡಿಲವಾಗಬೇಕಾದಾಗ ಸಡಿಲವಾಗದ ಸ್ನಾಯು ನೋವು ಕೊಡುತ್ತದೆ. ಈ ಎರಡು ತೊಂದರೆಗಳಿಗೆ ಚಿಕಿತ್ಸೆ ಒಂದಕ್ಕೊಂದು ವಿರುದ್ಧ ದಿಕ್ಕಿನದು. ಇದೊಂದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಸುಲಭವಾಗಿ ಅರ್ಥವಾಗುತ್ತದೆ.

ಬಲಪಡಿಸುವ ಕಡೆಯ ಇತಿಹಾಸ ಹೆಚ್ಚು ಪರಿಚಿತ. ಅಮೆರಿಕದ ಸ್ತ್ರೀರೋಗ ತಜ್ಞ ಆರ್ನಲ್ಡ್ ಕೆಗೆಲ್ 1948ರಲ್ಲಿ ಪ್ರಕಟಿಸಿದ ಪ್ರಬಂಧದಿಂದ ಈ ವ್ಯಾಯಾಮಕ್ಕೆ ಅವರ ಹೆಸರೇ ಅಂಟಿಕೊಂಡಿತು. ಅದಕ್ಕೂ ಮೊದಲೇ, 1930ರ ದಶಕದಲ್ಲಿ, ನರ್ತಕಿಯಾಗಿದ್ದು ಫಿಸಿಯೋಥೆರಪಿ ಕಲಿತ ಮಾರ್ಗರೆಟ್ ಮಾರಿಸ್ ಬ್ರಿಟನ್ನಿನಲ್ಲಿ ಇಂಥದೇ ವ್ಯಾಯಾಮದ ಬಗ್ಗೆ ಬರೆದಿದ್ದರು. ಆ ಹೆಣ್ಣುಮಗಳನ್ನು ಇತಿಹಾಸ ಅಷ್ಟಾಗಿ ನೆನೆಯಲಿಲ್ಲ. ಕೆಗೆಲ್ ಅವರ ವಿಧಾನದಲ್ಲಿ ನಾವು ಮರೆತ ಒಂದು ಅಂಶವಿದೆ. ಅವರು ಬರೀ 'ಬಿಗಿ ಮಾಡಿ, ಬಿಡಿ' ಎಂದು ಹೇಳಿ ಕಳಿಸುತ್ತಿರಲಿಲ್ಲ. ಬೆರಳಿನಿಂದ ಸ್ನಾಯುವನ್ನು ಪರೀಕ್ಷಿಸಿ, ಹೆಂಗಸು ಸರಿಯಾದ ಸ್ನಾಯುವನ್ನೇ ಎಳೆಯುತ್ತಿದ್ದಾಳೆಯೇ ಎಂದು ಖಚಿತಪಡಿಸಿಕೊಂಡು, ಪೆರಿನಿಯೋಮೀಟರ್ ಎಂಬ ಒತ್ತಡಮಾಪಕವನ್ನು ಕೊಟ್ಟು, ಮುಳ್ಳು ಎಷ್ಟು ಏರುತ್ತದೆಂದು ಆಕೆಯೇ ನೋಡಿಕೊಂಡು ಅಭ್ಯಾಸ ಮಾಡುವ ಹಾಗೆ ಕಲಿಸುತ್ತಿದ್ದರು. ಕಾಲ ಸರಿದಂತೆ ಪರೀಕ್ಷೆ ಬಿಟ್ಟುಹೋಯಿತು, ಹೆಸರು ಮಾತ್ರ ಉಳಿಯಿತು. ಇವತ್ತು ಹೆರಿಗೆ ವಾರ್ಡಿನಿಂದ ಮನೆಗೆ ಹೊರಟವರ ಕೈಗೆ ಒಂದು ಚೀಟಿ, ಮೊಬೈಲಿನಲ್ಲಿ ಒಂದು ವಿಡಿಯೋ, ಅಲ್ಲಿಗೆ ಮುಗಿಯಿತು.

ಚೀಟಿ ಸಾಲದು ಎಂಬುದಕ್ಕೆ ಹಳೆಯದಾದರೂ ಗಟ್ಟಿಯಾದ ಪುರಾವೆಯಿದೆ. 1991ರಲ್ಲಿ ಅಮೆರಿಕದಲ್ಲಿ 47 ಮಹಿಳೆಯರಿಗೆ ಬಾಯಿಮಾತಿನಲ್ಲಿ ಚುಟುಕಾಗಿ ಕೆಗೆಲ್ ವ್ಯಾಯಾಮ ಹೇಳಿಕೊಟ್ಟು, ಅವರು ಮಾಡುವುದನ್ನು ಉಪಕರಣಗಳಿಂದ ಅಳೆದರು. ಅರ್ಧದಷ್ಟು ಮಂದಿ ಮಾತ್ರ ಸರಿಯಾಗಿ ಮಾಡುತ್ತಿದ್ದರು. ನಾಲ್ಕರಲ್ಲಿ ಒಬ್ಬರು ಮಾಡುತ್ತಿದ್ದ ರೀತಿ ಸೋರಿಕೆಯನ್ನು ಹೆಚ್ಚಿಸುವಂಥದ್ದಾಗಿತ್ತು. ಮೇಲಕ್ಕೆ ಎಳೆದುಕೊಳ್ಳುವ ಬದಲು ಅವರು ಮುಕ್ಕುತ್ತಿದ್ದರು. ವ್ಯಾಯಾಮ ಮಾಡಿಯೂ ಗುಣ ಕಾಣಲಿಲ್ಲ ಎನ್ನುವ ಹೆಂಗಸರನ್ನು ಸೋಮಾರಿಗಳೆಂದು ಬೈಯುವ ಮುನ್ನ ಈ ಲೆಕ್ಕವನ್ನು ನೆನೆಯಬೇಕು.

ಸರಿಯಾಗಿ ಕಲಿಸಿದರೆ ಫಲ ಎಷ್ಟು? ಕೆಮ್ಮು, ನಗು, ಭಾರ ಎತ್ತುವಾಗಿನ ಸೋರಿಕೆಯ ವಿಷಯದಲ್ಲಿ ಉತ್ತರ ವೈದ್ಯವಿಜ್ಞಾನದಲ್ಲಿ ಅಪರೂಪವೆನ್ನುವಷ್ಟು ಸ್ಪಷ್ಟವಾಗಿದೆ. ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆ 2018ರಲ್ಲಿ 14 ದೇಶಗಳ 31 ಪ್ರಯೋಗಗಳನ್ನು, 1817 ಮಹಿಳೆಯರ ಮಾಹಿತಿಯನ್ನು ಪರಿಶೀಲಿಸಿತು. ಇಂಥ ಸೋರಿಕೆ ಇದ್ದವರಲ್ಲಿ ವ್ಯಾಯಾಮ ಕಲಿತವರ ಪೈಕಿ ಶೇ. 56ರಷ್ಟು ಮಂದಿ ತಮಗೆ ವಾಸಿಯಾಯಿತೆಂದರು; ಏನೂ ಚಿಕಿತ್ಸೆ ಇಲ್ಲದ ಗುಂಪಿನಲ್ಲಿ ಹಾಗೆ ಹೇಳಿದವರು ಶೇ. 6. ಅಡ್ಡಪರಿಣಾಮ ಇಲ್ಲವೆನ್ನುವಷ್ಟು ಕಡಿಮೆ. ಈ ಫಲ ಒಂದು ಮಾತ್ರೆಯಿಂದ ಬಂದಿದ್ದರೆ ಅದು ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದ ಕಪಾಟಿನಲ್ಲಿ ಇರುತ್ತಿತ್ತು. ಬಸುರಿನ ದಿನಗಳಲ್ಲೇ ಆರಂಭಿಸಿದರೆ ಇನ್ನೂ ಒಳ್ಳೆಯದು. 2020ರ ಮತ್ತೊಂದು ಕಾಕ್ರೇನ್ ಸಮೀಕ್ಷೆಯ ಪ್ರಕಾರ ಸೋರಿಕೆ ಇಲ್ಲದ ಗರ್ಭಿಣಿಯರು ಮೊದಲಿನಿಂದಲೇ ಈ ವ್ಯಾಯಾಮ ಮಾಡಿದರೆ ಗರ್ಭದ ಕೊನೆಯ ತಿಂಗಳುಗಳಲ್ಲಿ ಸೋರಿಕೆ ಶುರುವಾಗುವ ಸಂಭವ ಶೇ. 62ರಷ್ಟು ತಗ್ಗುತ್ತದೆ, ಹೆರಿಗೆಯಾದ ಮೂರರಿಂದ ಆರು ತಿಂಗಳಲ್ಲಿ ಶೇ. 29ರಷ್ಟು. ಬ್ರಿಟನ್ನಿನ 2019ರ ಆರೋಗ್ಯ ಮಾರ್ಗಸೂಚಿ ಹೇಳುವುದು ಇಷ್ಟೇ: ಇಂಥ ಸೋರಿಕೆಗೆ ಮೊದಲ ಚಿಕಿತ್ಸೆ ತಜ್ಞರ ಮೇಲ್ವಿಚಾರಣೆಯ ವ್ಯಾಯಾಮ, ಕನಿಷ್ಠ ಮೂರು ತಿಂಗಳು, ದಿನಕ್ಕೆ ಮೂರು ಸಲ, ಸಲಕ್ಕೆ ಕನಿಷ್ಠ ಎಂಟು ಬಿಗಿತ. ಇದಾದ ಮೇಲೆಯೇ ಶಸ್ತ್ರಚಿಕಿತ್ಸೆಯ ಮಾತು.

ಇಂಥ ಒಂದು ಭೇಟಿಯಲ್ಲಿ ಏನು ನಡೆಯುತ್ತದೆ ಎಂಬುದು ತಿಳಿಯದೆ ಹೆದರಿ ಹಿಂಜರಿಯುವವರೇ ಜಾಸ್ತಿ. ಆದ್ದರಿಂದ ಸ್ವಲ್ಪ ಹತ್ತಿರದಿಂದ ಹೇಳುತ್ತೇನೆ. ಮೊದಲ ಅರ್ಧ ಗಂಟೆ ಬರೀ ಮಾತು. ಎಷ್ಟು ಹೆರಿಗೆ, ಕತ್ತರಿಸಿ ಹೊಲಿಗೆ ಹಾಕಿದ್ದರೇ, ಇಕ್ಕಳ ಹಾಕಿ ತೆಗೆದರೇ, ಮಗುವಿನ ತೂಕ ಎಷ್ಟಿತ್ತು, ದಿನಕ್ಕೆ ಎಷ್ಟು ನೀರು, ಎಷ್ಟು ಕಾಫಿ, ರಾತ್ರಿ ಎಷ್ಟು ಸಲ ಏಳುತ್ತೀರಿ, ಮಲಬದ್ಧತೆ ಇದೆಯೇ, ಕೆಲಸದಲ್ಲಿ ಭಾರ ಎತ್ತುತ್ತೀರಾ. ಎರಡು ಮೂರು ದಿನ ಕುಡಿದದ್ದು, ಹೋದದ್ದು, ಸೋರಿದ್ದು ಎಲ್ಲವನ್ನೂ ಗಂಟೆ ಸಮೇತ ಬರೆದಿಡುವ ಒಂದು ಹಾಳೆ ಕೊಡುತ್ತಾರೆ. ನಂತರ ನಿಂತ ಭಂಗಿ, ಬೆನ್ನು, ಸೊಂಟದ ಕೀಲು, ಉಸಿರಾಟದ ಪರೀಕ್ಷೆ. ಒಳಪರೀಕ್ಷೆ ಬೇಕೆನಿಸಿದರೆ ಏಕೆ, ಹೇಗೆ ಎಂದು ಮೊದಲೇ ವಿವರಿಸಿ ಒಪ್ಪಿಗೆ ಕೇಳುತ್ತಾರೆ. ಜೊತೆಗೆ ಯಾರಾದರೂ ಇರಲಿ ಎಂದರೆ ಇರಬಹುದು, ನಡುವೆ ಸಾಕೆಂದರೆ ಅಲ್ಲಿಗೇ ನಿಲ್ಲಿಸಬೇಕು. ಕೈಗವಸು ಹಾಕಿದ ಒಂದೇ ಬೆರಳು. ಸ್ತ್ರೀರೋಗ ತಜ್ಞರು ಬಳಸುವ ಲೋಹದ ಸ್ಪೆಕ್ಯುಲಮ್ ಇಲ್ಲಿ ಬೇಕಿಲ್ಲ. 'ನಾಲ್ಕು ಜನರ ನಡುವೆ ಕೂತಾಗ ಗಾಳಿ ಹೊರಹೋಗದ ಹಾಗೆ ತಡೆಯುತ್ತೀರಲ್ಲ, ಹಾಗೆ ಹಿಂದಿನಿಂದ ಮುಂದಕ್ಕೆ, ಮೇಲಕ್ಕೆ ಎಳೆದುಕೊಳ್ಳಿ' ಎನ್ನುತ್ತಾರೆ. ಬೆರಳಿಗೆ ತಾಗುವ ಹಿಡಿತಕ್ಕೆ 0ಯಿಂದ 5ರವರೆಗೆ ಅಂಕ. ಎಷ್ಟು ಸೆಕೆಂಡು ಹಿಡಿಯುತ್ತೀರಿ, ಎಷ್ಟು ಸಲ ಸುಸ್ತಾಗದೆ ಮಾಡುತ್ತೀರಿ, ಉಸಿರು ಕಟ್ಟುತ್ತೀರಾ, ಪೃಷ್ಠ ತೊಡೆಗಳನ್ನು ಬಿಗಿಯುತ್ತೀರಾ ಎಂದು ನೋಡುತ್ತಾರೆ. ಎಲ್ಲಕ್ಕಿಂತ ಮುಖ್ಯವಾಗಿ, ಬಿಗಿದದ್ದು ಪೂರ್ತಿ ಬಿಡುತ್ತದೆಯೇ ಎಂದು ಗಮನಿಸುತ್ತಾರೆ. ಮದುವೆಯಾಗದ ಹುಡುಗಿಯರಿಗೆ, ಒಳಪರೀಕ್ಷೆ ಬೇಡವೆನ್ನುವವರಿಗೆ ಹೊರಗಿನಿಂದ ಮುಟ್ಟಿ ನೋಡುವ, ಹೊಟ್ಟೆಯ ಮೇಲಿಂದ ಅಲ್ಟ್ರಾಸೌಂಡ್ ಇಟ್ಟು ನೋಡುವ ದಾರಿಗಳಿವೆ.

ವ್ಯಾಯಾಮ ಆ ಅಂಕದ ಮೇಲೆ ನಿಂತಿರುತ್ತದೆ. ಮೂರು ಸೆಕೆಂಡು ಹಿಡಿಯಬಲ್ಲವರಿಗೆ ಮೂರರಿಂದಲೇ ಶುರು. ಹತ್ತು ಹಿಡಿಯಿರಿ ಎಂದು ಹೇಳಿ ಫಲವಿಲ್ಲ. ಮೊದಲು ಮಲಗಿ, ಆಮೇಲೆ ಕೂತು, ನಿಂತು, ಕೊನೆಗೆ ಕೊಡ ಎತ್ತುತ್ತಾ. ನಿಧಾನದ ಹಿಡಿತದ ಜೊತೆಗೆ ಚುರುಕಾಗಿ ಎಳೆದು ಬಿಡುವುದನ್ನೂ ಕಲಿಸುತ್ತಾರೆ, ಕೆಮ್ಮು ಬರುವುದು ಹೇಳಿ ಕೇಳಿ ಅಲ್ಲವಲ್ಲ. ಕೆಮ್ಮುವ ಕ್ಷಣಕ್ಕೆ ಸ್ವಲ್ಪ ಮುಂಚೆ ಸ್ನಾಯುವನ್ನು ಬಿಗಿಹಿಡಿಯುವ ಈ ಉಪಾಯವನ್ನು 1998ರಲ್ಲಿ 27 ಹಿರಿಯ ಮಹಿಳೆಯರಿಗೆ ಕಲಿಸಿ ನೋಡಿದಾಗ ಒಂದೇ ವಾರದಲ್ಲಿ ಕೆಮ್ಮಿನ ಸೋರಿಕೆ ಗಣನೀಯವಾಗಿ ಇಳಿದಿತ್ತು. ಸ್ನಾಯು ಬಲಗೊಳ್ಳಲು ತಿಂಗಳುಗಳು ಬೇಕು, ಸಮಯಪ್ರಜ್ಞೆ ಕಲಿಯಲು ವಾರ ಸಾಕು. ಇನ್ನೊಂದು ಮಾತು: ಮೂತ್ರ ಮಾಡುತ್ತಾ ನಡುವೆ ತಡೆದು ತಡೆದು ನೋಡುವುದನ್ನು ಕೆಲವರು ವ್ಯಾಯಾಮವೆಂದೇ ಮಾಡುತ್ತಾರೆ. ಅದು ಮೂತ್ರಕೋಶ ಖಾಲಿಯಾಗುವ ಕ್ರಮವನ್ನೇ ಕೆಡಿಸುತ್ತದೆ, ಮಾಡಬಾರದು. ತಡೆಯಲಾಗದ ಆತುರದ ತೊಂದರೆಯಿದ್ದವರಿಗೆ ಮೂತ್ರಕೋಶದ ತರಬೇತಿ ಬೇರೆಯೇ ಇದೆ. ಒತ್ತಡ ಬಂದಾಗ ಓಡದೆ, ನಿಂತಲ್ಲೇ ನಿಂತು ನಾಲ್ಕೈದು ಸಲ ಚುರುಕಾಗಿ ಬಿಗಿದು ಬಿಟ್ಟು, ಅಲೆ ಇಳಿದ ಮೇಲೆ ಹೋಗುವುದು. ಎರಡು ಸಲದ ನಡುವಿನ ಅಂತರವನ್ನು ಸ್ವಲ್ಪಸ್ವಲ್ಪವೇ ಎರಡು ಮೂರು ಗಂಟೆಗೆ ಏರಿಸುವುದು.

ಗರ್ಭಕೋಶ ಜಾರುವ ತೊಂದರೆಯಲ್ಲಿ ಪುರಾವೆ ಇಷ್ಟು ಅಬ್ಬರದ್ದಲ್ಲ, ಆದರೂ ಬಲವಾಗಿದೆ. ಬ್ರಿಟನ್, ನ್ಯೂಜಿಲೆಂಡ್, ಆಸ್ಟ್ರೇಲಿಯಾಗಳ 447 ಮಹಿಳೆಯರ ಮೇಲೆ ನಡೆದು 2014ರಲ್ಲಿ ಲ್ಯಾನ್ಸೆಟ್‌ನಲ್ಲಿ ಪ್ರಕಟವಾದ, ಪಾಪಿ (POPPY) ಎಂಬ ಹೆಸರಿನ ಪ್ರಯೋಗದಲ್ಲಿ, ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ ಕಲಿಸಿದ ವ್ಯಾಯಾಮದಿಂದ ಭಾರ, ಜಗ್ಗುವಿಕೆಯಂಥ ತೊಂದರೆಗಳು ಕಡಿಮೆಯಾದವು. ಪೂರ್ತಿ ಹೊರಬಂದ ಗರ್ಭಕೋಶವನ್ನು ವ್ಯಾಯಾಮ ಒಳಗೆ ಕಳಿಸಲಾರದು. ಅದಕ್ಕೆ ಒಳಗಿಟ್ಟು ಆಸರೆ ಕೊಡುವ ರಿಂಗ್ ಪೆಸ್ಸರಿ ಇದೆ, ಶಸ್ತ್ರಚಿಕಿತ್ಸೆ ಇದೆ. ಆರಂಭದ ಹಂತದ ಜಾರುವಿಕೆಗೆ ಮಾತ್ರ ಹದಿನಾರು ವಾರದ ವ್ಯಾಯಾಮವನ್ನೇ ಮೊದಲ ಆಯ್ಕೆಯಾಗಿ ಬ್ರಿಟನ್ನಿನ ಮಾರ್ಗಸೂಚಿ ಸೂಚಿಸುತ್ತದೆ. ಅಮೆರಿಕದಲ್ಲಿ ಜಾರುವಿಕೆಗೆಂದು ಯೋನಿಯ ಮೂಲಕ ಇಡುತ್ತಿದ್ದ ಕೃತಕ ಜಾಲರಿಗಳ ಮಾರಾಟವನ್ನು 2019ರ ಏಪ್ರಿಲ್‌ನಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ನಿಲ್ಲಿಸಿತು. ಸಾವಿರಾರು ಹೆಂಗಸರು ತೀರದ ನೋವು ಅನುಭವಿಸಿದ ಮೇಲೆ ಬಂದ ಆದೇಶ ಅದು.

ನಮ್ಮ ಕಥೆ ಇನ್ನೂ ಕಹಿಯಾದದ್ದು. ಬೆನ್ನುನೋವು, ಕೆಳಹೊಟ್ಟೆ ನೋವು, ಬಿಳಿಸೆರಗು ಎಂದು ಹೋದ ಲಂಬಾಣಿ ಮತ್ತು ದಲಿತ ಮಹಿಳೆಯರ ಗರ್ಭಕೋಶಗಳನ್ನೇ ಕಲಬುರಗಿ ಜಿಲ್ಲೆಯ ಖಾಸಗಿ ಆಸ್ಪತ್ರೆಗಳಲ್ಲಿ ತೆಗೆದುಹಾಕಿದ ಪ್ರಕರಣ 2015ರ ಹೊತ್ತಿಗೆ ರಾಜ್ಯವನ್ನೇ ತಲ್ಲಣಗೊಳಿಸಿತ್ತು. ಅವರಲ್ಲಿ ಬಹಳಷ್ಟು ಮಂದಿ ಇನ್ನೂ ಚಿಕ್ಕ ವಯಸ್ಸಿನವರು. ಬೇರೆ ರಾಜ್ಯಗಳ ಇಂಥದೇ ದೂರುಗಳನ್ನು ಆಲಿಸಿದ ಸುಪ್ರೀಂ ಕೋರ್ಟ್, ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯ 2022ರಲ್ಲಿ ರೂಪಿಸಿದ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಜಾರಿಗೆ ತರುವಂತೆ 2023ರ ಏಪ್ರಿಲ್‌ನಲ್ಲಿ ರಾಜ್ಯಗಳಿಗೆ ಸೂಚಿಸಿತು. ಗರ್ಭಕೋಶ ತೆಗೆದರೆ ತಳದ ಸ್ನಾಯು ಸರಿಯಾಗುವುದಿಲ್ಲ. ನೋವಿನ ಮೂಲ ಸ್ನಾಯುವಿನಲ್ಲಿದ್ದರೆ ಅಂಗ ಹೋದ ಮೇಲೂ ನೋವು ಉಳಿಯುತ್ತದೆ, ಯೋನಿಯ ಮೇಲ್ಭಾಗವೇ ಕೆಳಗಿಳಿಯುವ ಹೊಸ ತೊಂದರೆಯೂ ಬರಬಹುದು. ಆ ತಾಂಡಾಗಳ ಹೆಂಗಸರಲ್ಲಿ ಎಷ್ಟು ಮಂದಿಯ ಸ್ನಾಯುಗಳನ್ನು ಒಮ್ಮೆಯಾದರೂ ಯಾರಾದರೂ ಮುಟ್ಟಿ ಪರೀಕ್ಷಿಸಿದ್ದರು ಎಂದು ಯೋಚಿಸಿದರೆ ಸಂಕಟವಾಗುತ್ತದೆ.

ಈಗ ನೋವಿನ ಕಡೆಗೆ ಬರೋಣ. ಈ ಚಿಕಿತ್ಸೆಯ ಹೆಚ್ಚು ಸೂಕ್ಷ್ಮವಾದ, ಹೆಚ್ಚು ತಪ್ಪು ತಿಳಿವಳಿಕೆಗೆ ಒಳಗಾದ ಭಾಗ ಇದು. ಹೊಲಿಗೆ ಮಾಯ್ದ ಜಾಗದ ಬಿಗುವು, ಮತ್ತೆ ಮತ್ತೆ ಬರುವ ಮೂತ್ರದ ಸೋಂಕು, ಎಂಡೊಮೆಟ್ರಿಯೋಸಿಸ್, ಬಿದ್ದು ಬಾಲಮೂಳೆಗೆ ಆದ ಪೆಟ್ಟು, ಲೈಂಗಿಕ ದೌರ್ಜನ್ಯದ ನೆನಪು, ವರ್ಷಗಟ್ಟಲೆಯ ಆತಂಕ, ಇವುಗಳಲ್ಲಿ ಯಾವುದು ಶುರುಮಾಡಿದರೂ ದೇಹ ತನ್ನನ್ನು ಕಾಯ್ದುಕೊಳ್ಳಲು ತಳದ ಸ್ನಾಯುಗಳನ್ನು ಬಿಗಿಹಿಡಿಯುತ್ತದೆ. ಶೌಚಾಲಯವಿಲ್ಲದ ಶಾಲೆಯಲ್ಲಿ, ಸಂತೆಯಲ್ಲಿ, ದೂರದ ಬಸ್ಸಿನಲ್ಲಿ ಸಂಜೆಯವರೆಗೆ ತಡೆದುಕೊಂಡು ಬೆಳೆದ ಹೆಣ್ಣುಮಕ್ಕಳಿಗೆ ಹೀಗೆ ಬಿಗಿಹಿಡಿಯುವುದು ಚಿಕ್ಕಂದಿನ ರೂಢಿಯೇ ಆಗಿಬಿಟ್ಟಿರುತ್ತದೆ. ಮೂಲ ಕಾರಣ ಮಾಯವಾದರೂ ಬಿಗಿತ ಉಳಿಯುತ್ತದೆ. ಬಿಗಿದ ಸ್ನಾಯುವಿನಲ್ಲಿ ರಕ್ತಸಂಚಾರ ತಗ್ಗುತ್ತದೆ, ನೋವಿನ ಗಂಟುಗಳು ಏಳುತ್ತವೆ, ನೋವು ಮತ್ತಷ್ಟು ಬಿಗಿತ ತರುತ್ತದೆ. ಕಾಲಕ್ರಮೇಣ ಮೆದುಳು, ಬೆನ್ನುಹುರಿಗಳೂ ಸಣ್ಣ ಸ್ಪರ್ಶವನ್ನೇ ನೋವೆಂದು ಓದತೊಡಗುತ್ತವೆ. ಸ್ಕ್ಯಾನಿಂಗ್‌ನಲ್ಲಿ ಏನೂ ಕಾಣುವುದಿಲ್ಲ, ರಕ್ತಪರೀಕ್ಷೆ ಸರಿಯಾಗಿರುತ್ತದೆ, 'ನಿಮಗೆ ಏನೂ ಇಲ್ಲ, ಟೆನ್ಷನ್ ಬಿಡಿ' ಎನ್ನುತ್ತಾರೆ. ಇಂಥವರಿಗೆ ಯಾರೋ ಕೆಗೆಲ್ ಮಾಡಿ ಎಂದರೆ ಈಗಾಗಲೇ ಬಿಗಿದದ್ದನ್ನು ಇನ್ನಷ್ಟು ಬಿಗಿದಂತಾಗಿ ನೋವು ಹೆಚ್ಚುತ್ತದೆ. ಪರೀಕ್ಷೆಯಿಲ್ಲದೆ ವ್ಯಾಯಾಮ ಬೇಡ ಎಂಬ ನನ್ನ ಒತ್ತಾಯಕ್ಕೆ ಮುಖ್ಯ ಕಾರಣ ಇದೇ.

ಬಿಗಿತದ ಚಿಕಿತ್ಸೆ ನಿಧಾನದ್ದು. ಹೊಟ್ಟೆ ಉಬ್ಬುವಂತೆ ಆಳವಾಗಿ ಉಸಿರೆಳೆದು, ಆ ಉಸಿರಿನೊಂದಿಗೆ ತಳ ಇಳಿಯುವುದನ್ನು ಗಮನಿಸುವುದು ಮೊದಲ ಪಾಠ. ಮಂಡಿಗಳನ್ನು ಎದೆಗೆ ತಂದು ಅಗಲಿಸುವ, ಬಾಲಾಸನದಲ್ಲಿ ಬಗ್ಗಿ ಮಲಗುವ, ಒಳತೊಡೆಗಳನ್ನು ಹಿಗ್ಗಿಸುವ ಭಂಗಿಗಳು ಜೊತೆಗಿರುತ್ತವೆ. ಆಮೇಲೆ ಕೈಯ ಕೆಲಸ. ಹೊಟ್ಟೆ, ಸೊಂಟ, ತೊಡೆಯ ಹೊರಗಿನಿಂದ, ನಂತರ ಒಪ್ಪಿದರೆ ಒಳಗಿನಿಂದ, ಫಿಸಿಯೋಥೆರಪಿಸ್ಟ್ ಒಂದೊಂದೇ ಸ್ನಾಯುವನ್ನು ಬೆರಳ ತುದಿಯಿಂದ ತಡವುತ್ತಾ ಹೋಗುತ್ತಾರೆ. ಒಂದು ಬಿಂದು ಮುಟ್ಟಿದಾಗ ರೋಗಿ ಬೆಚ್ಚಿ 'ಅದೇ, ಅದೇ ನೋವು' ಎನ್ನುತ್ತಾರೆ. ಇಷ್ಟು ವರ್ಷ ಮೂತ್ರಕೋಶದ ನೋವು, ಅಂಡಾಶಯದ ನೋವು ಎಂದುಕೊಂಡದ್ದು ಅಲ್ಲಿಂದ ಹೊರಟಿರುತ್ತದೆ. ಅಲ್ಲಿ ಹಗುರವಾಗಿ ಒತ್ತಿ ಹಿಡಿದು, ಉಸಿರು ಬಿಡಿಸುತ್ತಾ, ಸ್ನಾಯು ತಾನಾಗಿ ಕರಗುವವರೆಗೆ ಕಾಯಬೇಕು. ನೋವನ್ನು ಹಲ್ಲುಕಚ್ಚಿ ತಡೆದುಕೊಳ್ಳುವಂತೆ ಮಾಡುವ ಒತ್ತುವಿಕೆ ಚಿಕಿತ್ಸೆಯಲ್ಲ. ವಾರಕ್ಕೊಮ್ಮೆ, ಹತ್ತರಿಂದ ಹನ್ನೆರಡು ಭೇಟಿಗಳು, ನಡುವೆ ಮನೆಯಲ್ಲಿ ಅಭ್ಯಾಸ, ಬಿಸಿನೀರ ಚೀಲದ ಶಾಖ.

ಇದು ಬರೀ ಸಮಾಧಾನದ ಮಾತಲ್ಲ ಎಂಬುದನ್ನು ಪ್ರಯೋಗಗಳು ತೋರಿಸಿವೆ. ಮೂತ್ರಕೋಶದ ನೋವಿನ ಕಾಯಿಲೆಯ 81 ಮಹಿಳೆಯರಿಗೆ ಅಮೆರಿಕದಲ್ಲಿ ಒಂದು ಗುಂಪಿಗೆ ಈ ಸ್ನಾಯುಚಿಕಿತ್ಸೆ, ಇನ್ನೊಂದಕ್ಕೆ ಸಾಮಾನ್ಯ ಮೈಮಸಾಜ್ ಕೊಟ್ಟರು. 2012ರ ವರದಿಯಲ್ಲಿ ಸುಧಾರಣೆ ಕಂಡವರು ಕ್ರಮವಾಗಿ ಶೇ. 59 ಮತ್ತು ಶೇ. 26. ಯೋನಿದ್ವಾರದ ಉರಿನೋವಿನಿಂದ ಸಂಭೋಗವೇ ಯಾತನೆಯಾಗಿದ್ದ ಕೆನಡಾದ 212 ಮಹಿಳೆಯರಲ್ಲಿ ಹತ್ತು ವಾರದ ಫಿಸಿಯೋಥೆರಪಿ ಪಡೆದವರ ಪೈಕಿ ಶೇ. 79ರಷ್ಟು ಮಂದಿ ಬಹಳ ಗುಣವಾಯಿತೆಂದರು, ಮರಗಟ್ಟಿಸುವ ಲಿಡೋಕೇನ್ ಮುಲಾಮು ಹಚ್ಚಿಕೊಂಡವರಲ್ಲಿ ಶೇ. 39. ಇದು 2021ರಲ್ಲಿ ಪ್ರಕಟವಾದದ್ದು. ಇದರ ಪಕ್ಕದಲ್ಲಿ ಮತ್ತೊಂದು ಫಲಿತಾಂಶವನ್ನಿಟ್ಟು ನೋಡಿ. ಕಾರಣ ಕಾಣದ ಕೆಳಹೊಟ್ಟೆ ನೋವಿಗೆ ಬಹಳ ವೈದ್ಯರು ಬರೆಯುವ ಗ್ಯಾಬಪೆಂಟಿನ್ ಮಾತ್ರೆಯನ್ನು ಬ್ರಿಟನ್ನಿನ 306 ಮಹಿಳೆಯರಲ್ಲಿ ಪರೀಕ್ಷಿಸಿದಾಗ, ಹುಸಿಮಾತ್ರೆಗಿಂತ ಅದು ಮೇಲಾಗಿರಲಿಲ್ಲ ಎಂದು 2020ರಲ್ಲಿ ತಿಳಿಯಿತು. ಅಡ್ಡಪರಿಣಾಮ ಮಾತ್ರ ಹೆಚ್ಚಿತ್ತು.

ಮದುವೆಯಾಗಿ ವರ್ಷಗಳಾದರೂ ಕೂಡಲಾಗದ ದಂಪತಿಗಳ ವಿಷಯ ಪ್ರತ್ಯೇಕವಾಗಿ ಹೇಳಲೇಬೇಕು. ವೆಜಿನಿಸ್ಮಸ್ ಎಂಬ ಈ ಸ್ಥಿತಿಯಲ್ಲಿ ಹೆಣ್ಣಿನ ಇಚ್ಛೆಯನ್ನು ಕೇಳದೆ ಸ್ನಾಯುಗಳು ತಾವಾಗಿ ಮುಚ್ಚಿಕೊಳ್ಳುತ್ತವೆ. ಮನೆಯವರು ಹರಕೆ ಹೊರಿಸುತ್ತಾರೆ, ಹಠಮಾರಿ ಎನ್ನುತ್ತಾರೆ, ಮಗುವಾಗಲಿಲ್ಲವೆಂದು ಬಂಜೆತನದ ಆಸ್ಪತ್ರೆಗೆ ಕರೆದೊಯ್ಯುತ್ತಾರೆ. ಆಕೆಯ ತಪ್ಪು ಇಲ್ಲಿ ಎಳ್ಳಷ್ಟೂ ಇಲ್ಲ. ಉಸಿರಾಟ, ಸಡಿಲಿಕೆ, ತನ್ನದೇ ಬೆರಳಿನಿಂದ ಆರಂಭಿಸಿ ಚಿಕ್ಕದರಿಂದ ದೊಡ್ಡದಕ್ಕೆ ಏರುವ ಡೈಲೇಟರ್‌ಗಳು, ಜೊತೆಗೆ ದಂಪತಿಗೆ ಆಪ್ತಸಮಾಲೋಚನೆ, ಇಷ್ಟರಿಂದ ಬಹಳ ಮಂದಿ ಹೊರಬರುತ್ತಾರೆ. ಗಡುವು ಹಾಕುವ ಅತ್ತೆಯಿಂದಲೂ ಅವಸರಪಡಿಸುವ ಗಂಡನಿಂದಲೂ ಈ ಚಿಕಿತ್ಸೆ ಕೆಡುತ್ತದೆ.

ತಿಣುಕಿದರೂ ಹೊರಬರದ ಮಲದ ಹಿಂದೆಯೂ ಕೆಲವೊಮ್ಮೆ ಇದೇ ಬಿಗಿತವಿರುತ್ತದೆ. ಸಡಿಲವಾಗಬೇಕಾದ ಸ್ನಾಯು ಆ ಹೊತ್ತಿಗೆ ಬಿಗಿಯುತ್ತದೆ. ಪರದೆಯ ಮೇಲೆ ತನ್ನ ಸ್ನಾಯುವಿನ ಚಲನೆಯನ್ನು ತಾನೇ ನೋಡಿ ತಿದ್ದಿಕೊಳ್ಳುವ ಬಯೋಫೀಡ್‌ಬ್ಯಾಕ್ ಇಲ್ಲಿ ಭೇದಿಮದ್ದಿಗಿಂತ ಬಹಳ ಮೇಲು ಎಂದು ಇಟಲಿಯ ಸಂಶೋಧಕರು 2006ರಲ್ಲೇ ತೋರಿಸಿದರು: ಆರು ತಿಂಗಳಿಗೆ ಶೇ. 80 ಮಂದಿಗೆ ಗಣನೀಯ ಸುಧಾರಣೆ, ಮದ್ದಿನ ಗುಂಪಿನಲ್ಲಿ ಶೇ. 22. ಮನೆಯಲ್ಲಿ ಕಮೋಡ್ ಇರುವವರು ಕಾಲಡಿಗೆ ಒಂದು ಮಣೆ ಇಟ್ಟುಕೊಂಡು ಮಂಡಿಗಳನ್ನು ಸೊಂಟಕ್ಕಿಂತ ಮೇಲೆ ತಂದರೂ ಅನುಕೂಲವಾಗುತ್ತದೆ.

ಗಂಡಸರಿಗೂ ಇದೇ ಸ್ನಾಯುಗಳಿವೆ. ವೃಷಣ ಮತ್ತು ಗುದದ ನಡುವೆ ಉರಿನೋವು, ಮೂತ್ರದ ತೊಂದರೆ ಎಂದು ಬರುವ ಯುವಕರಿಗೆ ಪ್ರೋಸ್ಟೇಟ್ ಉರಿಯೂತವೆಂದು ಹೇಳಿ ತಿಂಗಳುಗಟ್ಟಲೆ ಆಂಟಿಬಯಾಟಿಕ್ ಕೊಡುವುದು ರೂಢಿ. ಇವರಲ್ಲಿ ಬಹುಪಾಲು ಮಂದಿಗೆ ಸೋಂಕೇ ಇರುವುದಿಲ್ಲ. 196 ಗಂಡಸರ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಸಿಪ್ರೊಫ್ಲಾಕ್ಸಸಿನ್ ಆಗಲಿ ಟ್ಯಾಮ್ಸುಲೋಸಿನ್ ಆಗಲಿ ಹುಸಿಮಾತ್ರೆಗಿಂತ ಹೆಚ್ಚಿನ ಗುಣ ಕೊಡಲಿಲ್ಲ. ತಳದ ಸ್ನಾಯುಗಳ ಚಿಕಿತ್ಸೆಗೆ ಇವರಲ್ಲಿ ಭರವಸೆಯಿದೆ, ಆದರೆ ದೊಡ್ಡ ಪ್ರಯೋಗಗಳು ಇನ್ನೂ ಆಗಬೇಕು. ಪ್ರೋಸ್ಟೇಟ್ ಶಸ್ತ್ರಚಿಕಿತ್ಸೆಯ ನಂತರದ ಸೋರಿಕೆಯಲ್ಲಂತೂ 2011ರ ಬ್ರಿಟನ್ ಪ್ರಯೋಗ ನಿರಾಸೆ ತಂದಿತು. ಒಬ್ಬೊಬ್ಬರಿಗೂ ಕೂರಿಸಿಕೊಂಡು ಕಲಿಸಿದ ಗುಂಪಿಗೂ ಸಾಮಾನ್ಯ ಆರೈಕೆಯ ಗುಂಪಿಗೂ ವರ್ಷದ ಕೊನೆಗೆ ವ್ಯತ್ಯಾಸವಿರಲಿಲ್ಲ.

ಚಿಕಿತ್ಸೆಯನ್ನು ಪ್ರೀತಿಸುವವರು ಅದರ ಮಿತಿಗಳನ್ನೂ ಹೇಳಬೇಕು. ಬೆಲೆಬಾಳುವ ಉಪಕರಣ ಸೇರಿಸಿದರೆ ಫಲ ಹೆಚ್ಚುತ್ತದೆಯೇ? ಸೋರಿಕೆಯ ವಿಷಯದಲ್ಲಿ ಇಲ್ಲ. ಸ್ಕಾಟ್‌ಲೆಂಡ್ ಮತ್ತು ಇಂಗ್ಲೆಂಡಿನ 600 ಮಹಿಳೆಯರ ಮೇಲೆ ನಡೆದ ಓಪಲ್ ಪ್ರಯೋಗದಲ್ಲಿ, ಬರೀ ವ್ಯಾಯಾಮ ಮಾಡಿದವರಿಗೂ ಅದರ ಜೊತೆ ಬಯೋಫೀಡ್‌ಬ್ಯಾಕ್ ಯಂತ್ರ ಬಳಸಿದವರಿಗೂ ಎರಡು ವರ್ಷದ ನಂತರ ಅಂತರ ಕಾಣಲಿಲ್ಲ ಎಂದು 2020ರಲ್ಲಿ ವರದಿಯಾಯಿತು. ನಾರ್ವೆಯ ಕಾರಿ ಬೊ ಮತ್ತು ಸಂಗಡಿಗರು 1999ರಲ್ಲಿ ವಿದ್ಯುತ್ ಪ್ರಚೋದನೆ, ಯೋನಿಯಲ್ಲಿಡುವ ತೂಕದ ಶಂಕುಗಳನ್ನು ವ್ಯಾಯಾಮದೊಂದಿಗೆ ಹೋಲಿಸಿದಾಗಲೂ ಗೆದ್ದದ್ದು ವ್ಯಾಯಾಮವೇ. ಬಡವರ ಪಾಲಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಬೇರೆ ಯಾವುದಿದೆ? ಯೋಗದ ಬಗ್ಗೆಯೂ ಪ್ರಾಮಾಣಿಕವಾಗಿರಬೇಕು. ಮೂಲಬಂಧ, ಅಶ್ವಿನಿ ಮುದ್ರೆಗಳಲ್ಲಿ ಈ ಸ್ನಾಯುಗಳ ಅರಿವು ಶತಮಾನಗಳಿಂದ ಇದೆ. 45 ದಾಟಿದ 240 ಮಹಿಳೆಯರಿಗೆ ಹನ್ನೆರಡು ವಾರ ಕಲಿಸಿ ನೋಡಿದ ಕ್ಯಾಲಿಫೋರ್ನಿಯಾದ 2024ರ ಅಧ್ಯಯನದಲ್ಲಿ ಯೋಗದಿಂದ ಸೋರಿಕೆ ಚೆನ್ನಾಗಿ ಇಳಿಯಿತು. ಸಾಮಾನ್ಯ ದೇಹದಂಡನೆ ಮಾಡಿದವರಲ್ಲೂ ಹೆಚ್ಚುಕಡಿಮೆ ಅಷ್ಟೇ ಇಳಿಯಿತು. ಯೋಗ ಮಾಡುವವರು ಖಂಡಿತ ಮುಂದುವರಿಸಲಿ. ಆದರೆ ಕೆಳಗೆ ನೋವಿರುವವರು ಮೂಲಬಂಧ ಹಿಡಿಯುವ ಮುನ್ನ ತಮ್ಮ ಸ್ನಾಯು ಬಿಗಿಯೋ ಸಡಿಲವೋ ತಿಳಿದುಕೊಳ್ಳಲಿ. ಎಲ್ಲಕ್ಕಿಂತ ದೊಡ್ಡ ಮಿತಿ ರೂಢಿಯದು: ಬಿಟ್ಟರೆ ಬಲ ಹೋಗುತ್ತದೆ.

ನಮ್ಮ ಬಾಣಂತನದ ಪದ್ಧತಿಯಲ್ಲಿ ವಿಶ್ರಾಂತಿಗೆ ಕೊಟ್ಟ ಬೆಲೆ ನಿಜಕ್ಕೂ ದೊಡ್ಡದು. ಭಾರ ಎತ್ತಿಸದ ಆ ವಾರಗಳು ಹರಿದ ಅಂಗಾಂಶಕ್ಕೆ ಮಾಯಲು ಸಮಯ ಕೊಡುತ್ತವೆ. ಆದರೆ ಹೊಟ್ಟೆಗೆ ಬಟ್ಟೆ ಬಿಗಿಯುವುದರಿಂದ ತಳದ ಸ್ನಾಯು ಬಲಗೊಳ್ಳುವುದಿಲ್ಲ. ತೀರಾ ಬಿಗಿದರೆ ಒತ್ತಡ ಕೆಳಕ್ಕೇ ಇಳಿಯುತ್ತದೆ. ಬೆನ್ನಿಗೆ ಆಸರೆಯಾಗುವಷ್ಟು ಹಗುರವಾಗಿ ಕಟ್ಟಿದರೆ ಸಾಕು. ತವರಿನಲ್ಲಿ ಮಲಗಿದ ಆ ದಿನಗಳಲ್ಲೇ, ಹೊಲಿಗೆ ನೋಯದಷ್ಟು ಹಗುರವಾಗಿ, ವ್ಯಾಯಾಮ ಶುರುಮಾಡಬಹುದು. ಸಿಸೇರಿಯನ್ ಆದವರಿಗೂ ಇದು ಬೇಕು, ಒಂಬತ್ತು ತಿಂಗಳ ಭಾರ ಹೊತ್ತದ್ದು ಅದೇ ಸ್ನಾಯು ತಾನೆ. ಇನ್ನು ಕೂಲಿಗೆ ಹೋಗುವ, ಹೆತ್ತ ಕೆಲವೇ ವಾರಗಳಲ್ಲಿ ಇಟ್ಟಿಗೆ ಹೊರುವ ತಾಯಂದಿರಿಗೆ ಬಾಣಂತನವೇ ಸಿಗುವುದಿಲ್ಲ. ಸೋರಿಕೆ, ಜಾರುವಿಕೆಗಳ ಅಪಾಯ ಹೆಚ್ಚಿರುವುದೂ ಅವರಿಗೇ. ಫ್ರಾನ್ಸಿನಲ್ಲಿ ಹೆರಿಗೆಯಾದ ತಾಯಂದಿರಿಗೆ ಈ ಸ್ನಾಯುಗಳ ಪುನಶ್ಚೇತನದ ಭೇಟಿಗಳ ವೆಚ್ಚವನ್ನು ಸರ್ಕಾರಿ ಆರೋಗ್ಯ ವಿಮೆಯೇ ಭರಿಸುತ್ತದೆ. ನಮ್ಮಲ್ಲಿ ಇದರಲ್ಲಿ ಪಳಗಿದ ಫಿಸಿಯೋಥೆರಪಿಸ್ಟರು ಸಿಗುವುದು ಬೆಂಗಳೂರು, ಮಂಗಳೂರಿನಂಥ ನಗರಗಳ ಕೆಲವು ದೊಡ್ಡ ಆಸ್ಪತ್ರೆಗಳಲ್ಲಿ, ಅದೂ ದುಡ್ಡಿದ್ದವರಿಗೆ. ಜಿಲ್ಲಾಸ್ಪತ್ರೆಗಳ ಫಿಸಿಯೋಥೆರಪಿ ವಿಭಾಗ ಮೂಳೆ ಮುರಿದವರಿಗೆ, ಲಕ್ವ ಹೊಡೆದವರಿಗೆ ಎಂಬ ತಿಳಿವಳಿಕೆಯೇ ಇನ್ನೂ ಇದೆ. ಫಿಸಿಯೋಥೆರಪಿಯನ್ನೂ ಒಳಗೊಂಡ ಆರೋಗ್ಯ ವೃತ್ತಿಗಳಿಗೆ 2021ರಲ್ಲಿ ರಾಷ್ಟ್ರೀಯ ಕಾಯ್ದೆ ಬಂದಿದೆ. ಇರುವ ಸಿಬ್ಬಂದಿಯಲ್ಲೇ ಜಿಲ್ಲೆಗೊಬ್ಬ ಮಹಿಳಾ ಫಿಸಿಯೋಥೆರಪಿಸ್ಟ್‌ಗೆ ಈ ತರಬೇತಿ ಕೊಟ್ಟು, ತಾಯಿ ಕಾರ್ಡಿನ ತಪಾಸಣೆಯ ಜೊತೆ ಒಂದು ಭೇಟಿಯನ್ನು ಸೇರಿಸುವುದಕ್ಕೆ ಹೊಸ ಕಟ್ಟಡವಾಗಲಿ ದುಬಾರಿ ಯಂತ್ರವಾಗಲಿ ಬೇಕಿಲ್ಲ. ಆಶಾ ಕಾರ್ಯಕರ್ತೆಯರು ಬಾಣಂತಿಯ ಮನೆಗೆ ಹೇಗೂ ಹೋಗುತ್ತಾರೆ. 'ಕೆಮ್ಮಿದರೆ ಸೋರುತ್ತದೆಯೇ, ಕೆಳಗೆ ನೋವಿದೆಯೇ' ಎಂಬ ಎರಡು ಪ್ರಶ್ನೆಗಳನ್ನು ಅವರು ಕೇಳುವಂತಾದರೆ ಸಾಕು.

ಕೆಲವು ಲಕ್ಷಣಗಳಿಗೆ ಮಾತ್ರ ವ್ಯಾಯಾಮಕ್ಕಿಂತ ಮೊದಲು ವೈದ್ಯರೇ ಬೇಕು. ಮೂತ್ರದಲ್ಲಿ ರಕ್ತ, ಮುಟ್ಟು ನಿಂತ ಮೇಲಿನ ರಕ್ತಸ್ರಾವ, ಜ್ವರದೊಂದಿಗೆ ಬಂದ ನೋವು, ಕಾರಣವಿಲ್ಲದೆ ಇಳಿದ ತೂಕ ಇದ್ದರೆ ತಡಮಾಡಬೇಡಿ. ಗುಪ್ತಾಂಗದ ಸುತ್ತ ಇದ್ದಕ್ಕಿದ್ದಂತೆ ಜೋಮು ಹಿಡಿದು ಮೂತ್ರ ಕಟ್ಟಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಉಳಿದಂತೆ, ಸೋರಿಕೆಗೋ ಆರಂಭದ ಜಾರುವಿಕೆಗೋ ವರ್ಷಗಳ ಕೆಳಹೊಟ್ಟೆ ನೋವಿಗೋ ಆಪರೇಷನ್ ಎಂದು ನಿಮಗೆ ಹೇಳಿದ್ದರೆ, ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ಎರಡು ಮಾತು ಕೇಳಿ: ನನ್ನ ತಳದ ಸ್ನಾಯುಗಳನ್ನು ಯಾರಾದರೂ ಪರೀಕ್ಷಿಸಿದ್ದಾರೆಯೇ? ಮೂರು ತಿಂಗಳ ಫಿಸಿಯೋಥೆರಪಿ ಮಾಡಿ ನೋಡಬಹುದೇ? ನಿಮ್ಮ ತಾಯಿ, ಅಕ್ಕ, ಸೊಸೆಯ ಪರವಾಗಿಯೂ ಕೇಳಿ.